ಬಲಗಡೆಯ ಡಬ್ಬಿ

ಕೆಳಪೇಟೆ, ಹತ್ತೊಂಬತ್ತನೆಯ ಆಳ, ತೋಟದ ಓಣಿ.
ಇಳಿದ ವರ್ಷ ೧೫೨, ಹದಿಮೂರನೆಯ ತಿಂಗಳು, ಒಂಬತ್ತನೆಯ ದೀಪ.

ಬಂಗಾರಪೇಟೆಯ ಟೈಲರ್ ಸೊಣ್ಣಪ್ಪನವರಿಗೆ, ನಿಮ್ಮಿಂದ ಎಂಟನೆಯ ತಲೆಮಾರಿನ ಆವಲಮ್ಮ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ, ಯಾರೋ ತಲೆಕೆಟ್ಟವಳು ಬರೆದದ್ದು ಎಂದು ಈ ಕಾಗದವನ್ನು ಮಡಚಿ ಇಡಬೇಡಿ. ನಿಮ್ಮ ಕಾಲದ ಕನ್ನಡ ನನಗೆ ಹಳೆಯ ಪುಸ್ತಕಗಳಿಂದ ಬಂದದ್ದು. ನನ್ನ ಕಾಲದ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಹೊಟ್ಟೆಗೆ ಹಾಕಿಕೊಳ್ಳಿ ಎನ್ನುತ್ತಾರಲ್ಲ, ಹಾಗೆ. ಮೇಲಿನ ಬಿಸಿಲು ತಾಳಲಾರದೆ ನಮ್ಮ ಹಿರಿಯರು ಕೋಲಾರದ ಹಳೆಯ ಚಿನ್ನದ ಗಣಿಯೊಳಕ್ಕೆ ಸಂಸಾರ ಸಮೇತ ಇಳಿದರು. ಆ ವರ್ಷದಿಂದ ನಮ್ಮ ಎಣಿಕೆ, ಅದಕ್ಕೇ ಅದು ಇಳಿದ ವರ್ಷ. ಇಲ್ಲಿ ಸೂರ್ಯನಿಲ್ಲ, ಓಣಿಯ ದೀಪ ಒಮ್ಮೆ ಹತ್ತಿ ಆರಿದರೆ ಒಂದು ದಿನ, ಆದ್ದರಿಂದ ದಿನಕ್ಕೆ ದೀಪ ಎನ್ನುತ್ತೇವೆ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಯಾಕೆಂದು ಕೇಳಬೇಡಿ, ಅದನ್ನು ಗೊತ್ತುಮಾಡಿದವರು ಸತ್ತು ಬಹಳ ಕಾಲವಾಯಿತು. ಈ ಕಾಗದವನ್ನು ಕಳುಹಿಸುವ ಏರ್ಪಾಡಿಗೆ ಹಿಂದಂಚೆ ಎಂದು ಹೆಸರು. ಒಬ್ಬೊಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಅವಕಾಶ. ಹಿತ್ತಾಳೆಯ ಕೊಳವೆಯಲ್ಲಿ ಕಾಗದವನ್ನು ಹಾಕಿ, ನೀರು ತುಂಬಿದ ಕಟ್ಟಕಡೆಯ ಬಾವಿಗೆ ಇಳಿಬಿಡುತ್ತಾರೆ. ಆಳಕ್ಕೆ ಹೋದಷ್ಟೂ ಹಿಂದಿನ ಕಾಲಕ್ಕೆ ಹೋಗುತ್ತದೆ ಎಂಬ ನಂಬಿಕೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ನನ್ನ ಅತ್ತೆ ತನ್ನ ಸರದಿಯಲ್ಲಿ ಸತ್ತ ತಂಗಿಗೆ ಬರೆದು, ಸೀರೆ ಯಾರಿಗೆ ಕೊಟ್ಟೆ ಎಂದು ಕೇಳಿದ್ದಳಂತೆ.

ಒಂದು ನಿಮಿಷ. ಎದ್ದು ಒಂದು ಸುತ್ತು ಹಾಕಿ ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೂ ಕ್ಷಮೆಯಿರಲಿ.

ನನ್ನ ಕೆಲಸ ಗಾಳಿತೋಟದಲ್ಲಿ. ಈ ಆಳದಲ್ಲಿ ಉಸಿರಾಡುವ ಗಾಳಿಯನ್ನು ನಾವೇ ಬೆಳೆದುಕೊಳ್ಳಬೇಕು. ಒಂದೂವರೆ ಮೈಲಿ ಉದ್ದದ ಸುರಂಗದಲ್ಲಿ ನೇರಳೆ ದೀಪಗಳ ಕೆಳಗೆ ಅಗಲ ಎಲೆಯ ಗಿಡಗಳನ್ನು ಸಾಲಾಗಿ ನೆಟ್ಟಿದ್ದೇವೆ. ಅವು ಗಾಳಿಯನ್ನು ತಿಳಿ ಮಾಡಿ ಓಣಿಗಳಿಗೆ ಬಿಡುತ್ತವೆ. ಆ ಸಾಲುಗಳಲ್ಲಿ ತುಂಬ ಚೆನ್ನಾಗಿ ಬರುವುದು ಯಾವುದು ಗೊತ್ತೇ? ನಿಮ್ಮ ಹೊಗೆಸೊಪ್ಪು. ಎಂಬತ್ತು ವರ್ಷಗಳ ಹಿಂದೆ ಬೀಜದ ಉಗ್ರಾಣದಲ್ಲಿ ಹೆಸರಿಲ್ಲದ ಪೊಟ್ಟಣವೊಂದು ಸಿಕ್ಕಿತಂತೆ, ಬಿತ್ತಿದರು, ಮೊರದಗಲದ ಎಲೆ ಬಂತು, ಗಾಳಿಗೆ ಒಳ್ಳೆಯದೆಂದು ಎಲ್ಲ ಕಡೆ ನೆಟ್ಟರು. ಅಷ್ಟು ಹೊತ್ತಿಗೆ ಬೀಡಿ ಸೇದುವ ವಿದ್ಯೆ ಲೋಕದಿಂದಲೇ ಹೋಗಿತ್ತು. ಆದರೆ ಮಾಲಿಗಳ ಕೈ ಸುಮ್ಮನಿರುವುದಿಲ್ಲ. ಯಾರೋ ಒಬ್ಬ ಮಾಗಿದ ಎಲೆಯನ್ನು ಒಣಗಿಸಿದ, ಸುತ್ತಿದ, ಸಸಿ ಬೆಚ್ಚಗಿಡುವ ಬಿಸಿತಟ್ಟೆಗೆ ಅದರ ತುದಿ ಒತ್ತಿ ಎಳೆದ. ಈಗ ತೋಟದವರಲ್ಲಿ ಮೂವರಿಗೆ ಒಬ್ಬರು ಸೇದುತ್ತೇವೆ. ಊರಿಗೆಲ್ಲ ಉಸಿರು ಕೊಡುವ ಗಿಡವನ್ನೇ ಸುಟ್ಟು ಉಸಿರು ಕೆಡಿಸಿಕೊಳ್ಳುವವರು ನಾವು. ಗಾಳಿಯ ಉಸ್ತುವಾರಿ ನೋಡುವ ಗಾಳಿಸಭೆಯವರಿಗೆ ಇದು ಗೊತ್ತು. ಮಾಲಿಗಳನ್ನು ಓಡಿಸಿದರೆ ತೋಟ ನೋಡುವವರಿಲ್ಲ, ಆದ್ದರಿಂದ ನೋಡಿಯೂ ನೋಡದಂತೆ ಇರುತ್ತಾರೆ. ನಾನು ಸೇದಲು ಕಲಿತು ಹನ್ನೊಂದು ವರ್ಷ, ದೀಪವೊಂದಕ್ಕೆ ಹದಿನೈದು ಸುರುಳಿ.

ನನ್ನ ಗಂಡ ಕದಿರಪ್ಪ ಹೊಸ ಸುರಂಗ ಕೊರೆಯುವವನು. ಕಲ್ಲಿನ ಧೂಳು ಅವನ ಎದೆಯಲ್ಲಿ ಕೂತಿದೆ. ಮದ್ದುಮನೆಯ ಡಾಕ್ಟರ್ ಅರುಳ್‌ಮೇರಿ ನಾಲ್ಕು ತಿಂಗಳ ಹಿಂದೆ ಅವನ ಬೆನ್ನಿಗೆ ಕಿವಿಯಿಟ್ಟು ಕೇಳಿದವರು, ಆಮೇಲೆ ನನ್ನ ಕೂದಲನ್ನು ಮೂಸಿ ನೋಡಿದರು. ನಾನು ಮನೆಯಲ್ಲಿ ಒಂದು ದಿನವೂ ಸೇದಿದವಳಲ್ಲ. ಆದರೆ ವಾಸನೆ ಕೂದಲಿಗೆ, ಸೀರೆಗೆ, ಚಾಪೆಗೆ ಅಂಟಿಕೊಂಡು ಬರುತ್ತದೆ, ಅದಕ್ಕೇ ಅವನು ರಾತ್ರಿಯೆಲ್ಲ ಕೆಮ್ಮುತ್ತಾನೆ ಎಂದರು. ಒಂದೋ ನೀನು ಸೊಪ್ಪು ಬಿಡಬೇಕು, ಇಲ್ಲವೇ ಇವನನ್ನು ಮೇಲಿನ ಆಳದ ಎದೆವಾರ್ಡಿಗೆ ಕಳಿಸಬೇಕು ಎಂದರು. ಎದೆವಾರ್ಡು ಗಣಿಯ ಬಾಯಿಗೆ ಹತ್ತಿರ, ಗಾಳಿ ಜಾಸ್ತಿ, ಬಿಸಿ ಇನ್ನೂ ಜಾಸ್ತಿ. ಹೋದವರು ಯಾರೂ ವಾಪಸ್ಸು ಇಳಿದಿಲ್ಲ. ಸೇದುವ ಹೆಂಡತಿಗೆ ಅಲ್ಲಿ ಗಂಡನನ್ನು ನೋಡಲೂ ಬಿಡುವುದಿಲ್ಲ.

ನಾನು ಬಿಡುತ್ತೇನೆ ಎಂದೆ. ಮೂರು ಸಲ ಬಿಟ್ಟೆ. ಒಮ್ಮೆ ಎರಡು ದೀಪ, ಒಮ್ಮೆ ಐದು, ಒಮ್ಮೆ ಮಧ್ಯಾಹ್ನದ ಮುದ್ದೆಯವರೆಗೆ.

ಇಲ್ಲಿಗೆ ನೀವು ಬರುತ್ತೀರಿ. ನಿಮ್ಮ ಅಳತೆ ಪುಸ್ತಕ ನಮ್ಮ ಮನೆಯಲ್ಲಿದೆ. ಎದೆ, ಸೊಂಟ, ತೋಳಿನ ಉದ್ದ, ಯಾರ್ಯಾರೋ ಸತ್ತವರ ಮೈಯೆಲ್ಲ ಅದರಲ್ಲಿ ಇಂಚು ಇಂಚಾಗಿ ಕೂತಿದೆ. ಪುಟಪುಟಕ್ಕೂ ಬೀಡಿಯ ಕಿಡಿ ಬಿದ್ದ ತೂತು. ಅದರ ನಡುವೆ ಒಂದು ಚೀಟಿ ಸಿಕ್ಕಿತು, ನಿಮ್ಮ ಡಾಕ್ಟರು ಬರೆದ ಮದ್ದಿನ ಚೀಟಿ: ಸೊಣ್ಣಪ್ಪ, ನಲವತ್ತೇಳು ವರ್ಷ, ಒಂದು ಗುಳಿಗೆಯ ಹೆಸರು. ಮೊದಲ ಮೂರು ದಿನ ಅರ್ಧ ಪ್ರಮಾಣ, ಒಂದು ಹೊತ್ತು. ಆಮೇಲೆ ನಾಲ್ಕು ದಿನ ಅದೇ ಅರ್ಧ, ಎರಡು ಹೊತ್ತು. ಎಂಟನೆಯ ದಿನದಿಂದ ಪೂರ್ತಿ ಪ್ರಮಾಣ, ಎರಡು ಹೊತ್ತು, ಹನ್ನೊಂದು ವಾರ. ಮೊದಲ ವಾರ ಬೀಡಿ ಸೇದಬಹುದು, ಎಂಟನೆಯ ದಿನ ಬಂದ್ ಎಂದು ಬರೆದು ಎರಡು ಗೆರೆ ಎಳೆದಿದ್ದಾರೆ. ಅಂಗಡಿಯ ಮೊಹರು ಮಾತ್ರ ಎಲ್ಲೂ ಇಲ್ಲ. ನೀವು ಅದನ್ನು ಕೊಳ್ಳಲೇ ಇಲ್ಲ. ಯಾಕೆಂಬುದು ಚೀಟಿಯ ಹಿಂದೆ ನಿಮ್ಮ ಕೈಬರಹದಲ್ಲೇ ಇದೆ. "ಯುಗಾದಿ ಆಗ್ಲಿ" ಎಂದು ಬರೆದು ಹೊಡೆದುಹಾಕಿದ್ದೀರಿ. "ಸ್ಕೂಲ್ ಯೂನಿಫಾರಂ ಮುಗೀಲಿ" ಎಂದು ಬರೆದು ಹೊಡೆದುಹಾಕಿದ್ದೀರಿ. "ಗಣೇಶನ ಹಬ್ಬ ಕಳೀಲಿ" ಎಂಬುದಕ್ಕೂ ಗೆರೆ. ಕೊನೆಯದು "ದೀಪಾವಳಿ ಬಟ್ಟೆ ಕೊಟ್ಟಮ್ಯಾಲೆ", ಅದಕ್ಕೆ ಗೆರೆಯಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ನಿಮ್ಮ ಕಾಲದಲ್ಲೂ ಇತ್ತೆಂದು ಕಾಣುತ್ತದೆ. ನಿಮ್ಮನ್ನು ಹಂಗಿಸುವ ಯೋಗ್ಯತೆ ನನಗಿಲ್ಲ, ಆದರೂ ಹಂಗಿಸುತ್ತೇನೆ, ಇವತ್ತು ನನಗೆ ಎಲ್ಲರ ಮೇಲೂ ಸಿಟ್ಟು.

ಚೀಟಿಯನ್ನು ಅರುಳ್‌ಮೇರಿಯವರಿಗೆ ಕೊಟ್ಟೆ. ಸೇದುವವರೇ ಇಲ್ಲದ ಕಾಲದಲ್ಲಿ ಬಿಡಿಸುವ ಮದ್ದನ್ನು ಯಾರು ನೆನಪಿಟ್ಟಾರು, ಮದ್ದುಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ನೀವು ಕೊಳ್ಳದೆ ಬಿಟ್ಟ ಗುಳಿಗೆಯ ಹೆಸರು ಹಿಡಿದು ಹಳೆಯ ಕಡತಗಳನ್ನು ಹುಡುಕಿ, ಎರಡು ತಿಂಗಳಲ್ಲಿ ಮಾಡಿಯೇಬಿಟ್ಟರು. ಅದು ಹೇಗೆ ಕೆಲಸ ಮಾಡುತ್ತದೆಂದು ಅವರು ನನಗೆ ಹೇಳಿದ್ದು ಹೀಗೆ: "ತಲೇಲಿ ಒಂದು ಕುರ್ಚಿ ಇದೆ ಅಂದ್ಕೊಮ್ಮ. ದಿನಾ ಸೊಪ್ಪಿನ ವಿಷ ಬಂದು ಅದ್ರಲ್ಲಿ ಕೂತ್ಕೊಳ್ತದೆ. ಗುಳಿಗೆ ಮೊದ್ಲೇ ಹೋಗಿ ಕೂತಿದ್ರೆ, ಅದು ಬಂದು ನಿಂತು ನೋಡಿ ವಾಪಸ್ ಹೋಗ್ತದೆ." ಗುಳಿಗೆಯನ್ನು ಉಂಡ ಮೇಲೆ, ಒಂದು ಲೋಟ ತುಂಬ ನೀರಿನೊಂದಿಗೆ ನುಂಗಬೇಕು. ಹೊಟ್ಟೆ ತೊಳಸಬಹುದು, ಕನಸುಗಳು ಜೋರಾಗಿ ಬೀಳಬಹುದು, ಮನಸ್ಸು ತೀರಾ ಕೆಟ್ಟರೆ ಕೂಡಲೇ ಬಂದು ಹೇಳಬೇಕು ಎಂದರು.

ಇನ್ನು ನಮ್ಮಲ್ಲಿಯ ಒಂದು ಪದ್ಧತಿ ಹೇಳಬೇಕು. ಅದಕ್ಕೆ ಜೊತೆಮದ್ದು ಎನ್ನುತ್ತಾರೆ. ಕೆಳಪೇಟೆಯಲ್ಲಿ ದೀರ್ಘ ಕಾಲದ ಮದ್ದನ್ನು ಯಾರೂ ಒಬ್ಬರೇ ತೆಗೆದುಕೊಳ್ಳುವಂತಿಲ್ಲ. ಒಬ್ಬ ಜೊತೆಗಾರ ಬೇಕು. ರೋಗಿ ನುಂಗುವ ಹೊತ್ತಿಗೇ ಅವನೂ ಎದುರು ನಿಂತು ಒಂದು ಗುಳಿಗೆ ನುಂಗಬೇಕು. ಅವನದು ಬರೀ ಸಕ್ಕರೆ, ಆದರೆ ನೋಡಲು ಎರಡೂ ಒಂದೇ ಬಣ್ಣ, ಒಂದೇ ಗಾತ್ರ. ರೋಗಿ ನಡುವೆ ಕೈಬಿಡಬಾರದು, ತಾನೊಬ್ಬನೇ ನುಂಗುತ್ತಿದ್ದೇನೆ ಎಂಬ ಬೇಸರ ಬರಬಾರದು ಎಂಬುದು ಉದ್ದೇಶ. ಯಾರ ಸಲುವಾಗಿ ಮದ್ದು ತೆಗೆದುಕೊಳ್ಳುತ್ತೇವೋ ಅವರು ಜೊತೆಗಾರರಾಗುವಂತಿಲ್ಲ, ಅವರು ನಮ್ಮ ತಪ್ಪು ಮುಚ್ಚಿಬಿಡುತ್ತಾರೆ. ಹಾಗಾಗಿ ಕದಿರಪ್ಪ ಆಗುವಂತಿರಲಿಲ್ಲ. ನನಗೆ ಜೊತೆಯಾದದ್ದು ಅವನ ತಾಯಿ, ನನ್ನ ಅತ್ತೆ ಮುನಿತಾಯಮ್ಮ. ಎಪ್ಪತ್ತಮೂರು ವರ್ಷ, ನಾಲಗೆಗೆ ಮಾತ್ರ ಇಪ್ಪತ್ತು. "ಸೊಸೆ ಸೊಪ್ಪು ಬಿಡ್ತಾಳೆ ಅಂದ್ರೆ ಸಕ್ರೆ ಏನು, ಸುಣ್ಣ ಬೇಕಾದ್ರೂ ನುಂಗ್ತೀನಿ" ಎಂದು ಒಪ್ಪಿಕೊಂಡಳು.

ಮದ್ದುಮನೆಯ ನರ್ಸು ಬಂದು ಎರಡು ಡಬ್ಬಿಗಳನ್ನು ಗೂಡಿನಲ್ಲಿಟ್ಟು ಹೋದಳು. ನಾನು ತೋಟದಲ್ಲಿದ್ದೆ. ಸಂಜೆ ಅತ್ತೆ ಬಲಗಡೆಯ ಡಬ್ಬಿ ತೆಗೆದುಕೊಂಡಳು, ನಾನು ಎಡಗಡೆಯದು. ಮೊದಲ ವಾರ ಸೇದುತ್ತಲೇ ನುಂಗಿದೆ. ಎಂಟನೆಯ ದೀಪ ಹತ್ತಿದಾಗ ಸುರುಳಿಗಳನ್ನೆಲ್ಲ ಗೊಬ್ಬರದ ಗುಂಡಿಗೆ ಹಾಕಿದೆ.

ಆಮೇಲಿನ ಹದಿನೆಂಟು ದೀಪಗಳನ್ನು ಹೇಗೆ ಕಳೆದೆ ಎಂದು ನನಗೇ ಗೊತ್ತಿಲ್ಲ. ಬೆರಳು ಏನನ್ನೋ ಹುಡುಕುತ್ತಿತ್ತು. ನೀರಿನ ಸಾಲಿನಲ್ಲಿ ಹಿಂದೆ ನಿಂತವಳು ಸುಮ್ಮನೆ ಉಸಿರು ಬಿಟ್ಟರೂ ಅವಳ ಮೇಲೆ ಹರಿಹಾಯುತ್ತಿದ್ದೆ. ಗುಳಿಗೆ ಕೆಲಸ ಮಾಡುತ್ತಿದೆ, ಮಾಡುತ್ತಿದೆ ಎಂದು ಜಪಿಸುತ್ತ ಸಾಲು ಸಾಲು ಕಳೆ ಕಿತ್ತೆ. ಇತ್ತ ಅತ್ತೆಯದೇ ಇನ್ನೊಂದು ಕಥೆ. ದೀಪ ಹತ್ತಿದ ಕೂಡಲೇ ಬಚ್ಚಲಿಗೆ ಓಡುತ್ತಿದ್ದಳು. "ಒಟ್ಟೆ ತೊಳಸ್ತೈತೆ ಕಣಮ್ಮಿ" ಎನ್ನುತ್ತಿದ್ದಳು. ಅವಳಿಗೆ ಬಿದ್ದ ಕನಸುಗಳನ್ನು ಕೇಳಲು ಓಣಿಯ ಹೆಂಗಸರೆಲ್ಲ ನೀರಿನ ಸಾಲಿಗೆ ಬೇಗ ಬರುತ್ತಿದ್ದರು. ಬಿಸಿಲಲ್ಲಿ ಕೋಳಿ ಹಿಡಿಯುತ್ತಿದ್ದಳಂತೆ, ಬಿಸಿಲನ್ನೂ ಕಂಡವಳಲ್ಲ, ಕೋಳಿಯನ್ನೂ ಕಂಡವಳಲ್ಲ. ಮುನಿತಾಯಮ್ಮನಿಗೆ ಈ ವಯಸ್ಸಲ್ಲಿ ಬಸಿರು ಎಂದು ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಇಪ್ಪತ್ತಾರನೆಯ ದೀಪ ಅರುಳ್‌ಮೇರಿ ತಪಾಸಣೆಗೆ ಬಂದರು. ಹೊಟ್ಟೆ ತೊಳಸುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಕನಸು? ಅದೂ ಇಲ್ಲ. ಅತ್ತೆ ಮೂಲೆಯಿಂದ ತನ್ನ ಕೋಳಿಯ ಕಥೆ ಶುರುಮಾಡಿದಳು. ಡಾಕ್ಟರ ಕಣ್ಣು ಗೂಡಿನ ಕಡೆ ಹೋಯಿತು. "ಬಲಗಡೆ ಡಬ್ಬಿ ಯಾರು ತಗೊಳ್ತಿದ್ದೀರಮ್ಮ?" ಎಂದು ಮೆಲ್ಲಗೆ ಕೇಳಿದರು. ಅತ್ತೆ ಸೆರಗು ಸರಿಮಾಡಿಕೊಂಡು ಹೇಳಿದಳು: "ಬಲಗಡೆ ಇರಾದು ಇರೀಕರದ್ದೇ ಅಲ್ವೇನಮ್ಮ. ಇದೂ ಕೇಳಾ ಮಾತಾ?"

ನಮ್ಮ ಮನೆಗಳಲ್ಲಿ ತಟ್ಟೆಯಾಗಲಿ, ಚಾಪೆಯಾಗಲಿ, ನೀರಿನ ಚೊಂಬಾಗಲಿ, ಬಲಗಡೆಯದು ಹಿರಿಯರದು. ಮದ್ದುಮನೆಯಲ್ಲಿ ಬಲಗಡೆಯದು ರೋಗಿಯದು. ಅವರಿಗೆ ಅದನ್ನು ಹೇಳಬೇಕು ಅನಿಸಲಿಲ್ಲ, ನಮಗೆ ಕೇಳಬೇಕು ಅನಿಸಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಎತ್ತನ್ನೂ ಎಮ್ಮೆಯನ್ನೂ ನಾವು ಕಂಡಿಲ್ಲ, ಗಾದೆ ಮಾತ್ರ ನಮ್ಮ ಜೊತೆ ಇಳಿದು ಬಂದಿದೆ.

ಅತ್ತೆ ಅತ್ತಳು, ಆಮೇಲೆ ಇನ್ನೊಂದು ವಿಷಯ ಹೊರಬಿತ್ತು. ಇಪ್ಪತ್ತು ವರ್ಷದಿಂದ ಅವಳು ಅದೇ ಸೊಪ್ಪಿನ ಕಡ್ಡಿಪುಡಿಯನ್ನು ಕದ್ದು ದವಡೆಗೆ ಇಟ್ಟುಕೊಳ್ಳುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಮಗನಿಗೂ ಗೊತ್ತಿರಲಿಲ್ಲ. "ಆದ್ರೆ ಈಗ ಎಲ್ಡು ವಾರದಿಂದ ಅದ್ಯಾಕೋ ಬಾಯಿಗಾಕ್ಕೊಂಡ್ರೆ ಮಣ್ಣು ತಿಂದಂಗಾಯ್ತದೆ. ಬಿಸಾಕ್ಬಿಟ್ಟೆ" ಎಂದಳು. ಅರುಳ್‌ಮೇರಿ ಹಣೆ ಚಚ್ಚಿಕೊಳ್ಳುತ್ತ ನಕ್ಕರು. ಗುಳಿಗೆ ತನ್ನ ಕೆಲಸ ಮಾಡಿತ್ತು, ನನ್ನ ತಲೆಯಲ್ಲಿ ಅಲ್ಲ, ಅಷ್ಟೆ.

ಕಥೆ ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಸುದ್ದಿ ಓಣಿಗೆ ಹೋಯಿತು. ಜನ ಬಂದು ಬೆನ್ನು ತಟ್ಟಿದರು. ಮದ್ದಿಲ್ಲದೆ ಹದಿನೆಂಟು ದೀಪ ತಡೆದವಳು, ಗಂಡೆದೆ ಎಂದರು. ಸೊಣ್ಣಪ್ಪನವರೇ, ಹದಿನೆಂಟು ದೀಪ ಬಯಕೆ ಮಾಡಲಾಗದ್ದನ್ನು ಆ ಹೊಗಳಿಕೆ ಎರಡು ಗಂಟೆಯಲ್ಲಿ ಮಾಡಿತು. ಬಿಡುವ ಶಕ್ತಿ ನನ್ನದೇ ಎಂದ ಮೇಲೆ ಒಂದು ಎಳೆದರೆ ಏನು, ನಾಳೆ ಮತ್ತೆ ಬಿಟ್ಟರಾಯಿತು ಎಂದುಕೊಂಡು ತೋಟಕ್ಕೆ ಹೋಗಿ ಬಿಸಿತಟ್ಟೆಯ ಮುಂದೆ ಬಗ್ಗಿದೆ. ಒಂದಲ್ಲ, ನಾಲ್ಕು. ನಾಚಿಕೆಯಾಗುತ್ತದೆ, ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ. ಮನೆಗೆ ಬಂದಾಗ ಕದಿರಪ್ಪ ಬಾಗಿಲಿಗೇ ಎದ್ದು ಬಂದವನು, ಗೋಡೆ ಹಿಡಿದು ಕೆಮ್ಮಿದ. ಬೈಯಲಿಲ್ಲ. ಉಸಿರು ತಿರುಗಿದ ಮೇಲೆ ಹೇಳಿದ್ದು ಇಷ್ಟೇ: "ನಂಗೆ ಮ್ಯಾಲೆ ಒಬ್ನೇ ಇರೋಕಾಗಲ್ಲ, ಆವಲಾ."

ಮರುದೀಪ ನಾನೇ ಮದ್ದುಮನೆಗೆ ಹೋಗಿ ಕೂತೆ. ಮತ್ತೆ ಮೊದಲಿನಿಂದ, ಈ ಸಲ ಸರಿಯಾದ ಡಬ್ಬಿ ಕೊಡಿ ಎಂದೆ. ಅರುಳ್‌ಮೇರಿ ಬೈಯುತ್ತಾರೆಂದುಕೊಂಡಿದ್ದೆ, ಅವರೋ, ಬಿಟ್ಟವರು ಮತ್ತೆ ಹಿಡಿಯುವುದು ಹೊಸದಲ್ಲ, ಇನ್ನೊಮ್ಮೆ ಬಿಟ್ಟರಾಯಿತು ಎಂದು ಕಾಗದ ಎಳೆದುಕೊಂಡರು. ಕಷ್ಟವಾದದ್ದು ಜೊತೆಗಾರನ ಜಾಗದಲ್ಲಿ. ಅತ್ತೆ ಈಗ ತಾನೇ ರೋಗಿ, ಅವಳು ತನ್ನ ಮದ್ದು ಮುಗಿಸಬೇಕು, ಒಂದೇ ಮದ್ದು ತೆಗೆದುಕೊಳ್ಳುವ ಇಬ್ಬರು ಒಬ್ಬರಿಗೊಬ್ಬರು ಜೊತೆಯಾಗುವಂತಿಲ್ಲ. ಅತ್ತೆಗೆ ಅವಳ ನಾದಿನಿ ಸಿಕ್ಕಿದಳು. ನನಗೆ ಯಾರೂ ಸಿಗಲಿಲ್ಲ. ಕೋಳಿಯ ಕಥೆ ಕೇಳಿದ ಮೇಲೆ ಓಣಿಯಲ್ಲಿ ಒಬ್ಬರೂ ಸಕ್ಕರೆ ಗುಳಿಗೆಯನ್ನು ನಂಬುವುದಿಲ್ಲ. ಹನ್ನೆರಡು ಮನೆಯ ಬಾಗಿಲು ತಟ್ಟಿದೆ. ಜೊತೆಯಿಲ್ಲದವರಿಗೆ ಮದ್ದುಮನೆ ಒಂದು ವಾರದ ಗುಳಿಗೆ ಮಾತ್ರ ಕೊಡುತ್ತದೆ. ಆ ವಾರ ಇವತ್ತಿಗೆ ಮುಗಿಯಿತು.

ಮತ್ತೆ ಎದ್ದೆ. ನನ್ನ ಹತ್ತಿರ ಇವತ್ತಿನದು ಒಂದು ಸುರುಳಿ ಉಳಿದಿತ್ತು, ನಿಯಮದ ಪ್ರಕಾರ ಇವತ್ತು ಸೇದಬಹುದು. ಹೋಗಿ ಸೇದಿದೆ. ಸುಳ್ಳು ಹೇಳುವುದಿಲ್ಲ, ಅದು ಸಪ್ಪೆಯಾಗಿತ್ತು. ಮೂರು ಎಳೆದು ಇದೇನು ಎಂದು ನೋಡುತ್ತ ನಿಂತೆ. ಹೊಟ್ಟೆ ತೊಳಸುತ್ತಿದೆ, ನಿನ್ನೆ ನನ್ನ ಕನಸಲ್ಲೂ ಯಾವುದೋ ಪ್ರಾಣಿ ಬಂದಿತ್ತು. ಸಂತೋಷವಾಯಿತು, ಭಯವೂ ಆಯಿತು. ನಾಳೆ ಎಂಟನೆಯ ದೀಪ. ಈ ವಾರ ಚಿಕ್ಕಪ್ಪನ ಮನೆಯಲ್ಲಿದ್ದ ಕದಿರಪ್ಪ ನಾಳೆ ವಾಪಸ್ಸು ಬರುತ್ತಾನೆ. ಅವನಿಗಾಗಿ ಚಾಪೆ, ಹೊದಿಕೆ, ಗೋಡೆ ಎಲ್ಲ ತೊಳೆದಿದ್ದೇನೆ. ಕೂದಲನ್ನು ನಾಲ್ಕು ಸಲ ತೊಳೆದೆ.

ನಿನ್ನೆ ಬೇರೆ ದಾರಿ ಕಾಣದೆ, ಜೊತೆಗಾರರ ಹೆಸರು ತುಂಬಿಕೊಡುವ ಜೊತೆಪತ್ರದಲ್ಲಿ ನಿಮ್ಮ ಹೆಸರು ಬರೆದೆ. ಅರುಳ್‌ಮೇರಿ ಓದಿ ಕನ್ನಡಕ ತೆಗೆದರು. "ಸತ್ತವರು ಹೇಗಮ್ಮ ಜೊತೆ ನಿಲ್ತಾರೆ?" ಎಂದರು. ಬದುಕಿರಬೇಕು ಎಂದು ನಿಯಮದಲ್ಲಿ ಎಲ್ಲೂ ಇಲ್ಲ ಎಂದೆ. ಅವರು ನಿಯಮವನ್ನು ಎರಡು ಸಲ ಓದಿದರು. ಗೊತ್ತಿರುವ ಮನೆತನದವರಾಗಿರಬೇಕು: ಹೌದು. ಇವರ ಸಲುವಾಗಿ ಮದ್ದು ತೆಗೆದುಕೊಳ್ಳುತ್ತಿರಬಾರದು: ಇಲ್ಲ. ಅದೇ ಮದ್ದನ್ನು ತಾವೇ ತೆಗೆದುಕೊಂಡಿರಬಾರದು. ಅಲ್ಲಿ ನಿಮ್ಮ ಚೀಟಿಯನ್ನು ದೀಪಕ್ಕೆ ಹಿಡಿದು ನೋಡಿದರು. ಮೊಹರಿಲ್ಲ. "ಇವರು ತಗೊಂಡೇ ಇಲ್ವಲ್ಲಮ್ಮ" ಎಂದರು. ಸಹಿ ಹಾಕಿದರು. ಹನ್ನೊಂದು ವಾರದ ಗುಳಿಗೆ ನನ್ನ ಗೂಡಿನಲ್ಲಿದೆ. ನೀವು ಆ ಮದ್ದನ್ನು ತೆಗೆದುಕೊಳ್ಳದ ಕಾರಣಕ್ಕೆ ಅದು ನನಗೆ ಸಿಕ್ಕಿದೆ.

ಸತ್ತವರಿಗೆ ಅವರ ಸಾವಿನ ವಿಷಯ ಬರೆಯಬಾರದು ಎಂಬುದು ಹಿಂದಂಚೆಯ ಕಟ್ಟಳೆ. ಬರೆಯುವುದಿಲ್ಲ. ನಿಮ್ಮ ಅಳತೆ ಪುಸ್ತಕದಲ್ಲಿ ಕೊನೆಯದೊಂದು ಚಡ್ಡಿಯ ಉದ್ದವಿದೆ, ಸೊಂಟದ ಜಾಗ ಖಾಲಿಯಿದೆ, ಆಮೇಲೆ ನಲವತ್ತು ಪುಟ ಬಿಳಿ ಎಂದಷ್ಟೇ ಹೇಳುತ್ತೇನೆ.

ಈಗ ನನ್ನ ಕೋರಿಕೆ. ಈ ಕಾಗದ ನಿಮಗೆ ತಲುಪಿದ್ದೇ ಆದರೆ, ದೀಪಾವಳಿಯ ಬಟ್ಟೆ ಹಾಗೇ ಇರಲಿ, ಯಾರೂ ಬೆತ್ತಲೆ ಇರುವುದಿಲ್ಲ. ಕತ್ತರಿ ಕೆಳಗಿಟ್ಟು ಅಂಗಡಿಗೆ ಹೋಗಿ ಆ ಚೀಟಿ ಕೊಡಿ. ಚೀಟಿ ಹಳತಾಯಿತು ಎಂದರೆ ಡಾಕ್ಟರ ಹತ್ತಿರ ಹೋಗಿ ಹೊಸದು ಬರೆಸಿಕೊಳ್ಳಿ. ಮನಸ್ಸು ಗಟ್ಟಿಯಿದ್ದರೆ ಮದ್ದು ಯಾಕೆ ಎಂದು ಯಾರಾದರೂ ಹೇಳಿದರೆ, ಗಟ್ಟಿ ಮನಸ್ಸಿನ ಆವಲಮ್ಮ ಎರಡು ಗಂಟೆಯಲ್ಲಿ ನಾಲ್ಕು ಸೇದಿದಳು ಎಂದು ಹೇಳಿ. ನೀವು ಮೊದಲ ಗುಳಿಗೆ ನುಂಗಿದ ಗಳಿಗೆಗೆ ನನ್ನ ಜೊತೆಪತ್ರ ಸುಳ್ಳಾಗುತ್ತದೆ, ಗೂಡಿನಲ್ಲಿರುವುದನ್ನು ಮದ್ದುಮನೆಯವರು ವಾಪಸ್ಸು ಕೇಳುತ್ತಾರೆ. ಕೇಳಲಿ. ಆಗ ಹದಿಮೂರನೆಯ ಮನೆಯ ಬಾಗಿಲು ತಟ್ಟುತ್ತೇನೆ, ಹದಿನಾಲ್ಕನೆಯದನ್ನು ತಟ್ಟುತ್ತೇನೆ, ಇಡೀ ಕೆಳಪೇಟೆಯ ಕಾಲು ಹಿಡಿಯುತ್ತೇನೆ. ನನ್ನ ಚಿಂತೆ ಬಿಡಿ. ನೀವು ನನಗೆ ಜೊತೆಯಾಗಬೇಡಿ, ಸೊಣ್ಣಪ್ಪನವರೇ. ದಯವಿಟ್ಟು ನನ್ನ ಕೈಬಿಡಿ.

ಆವಲಮ್ಮ, ಗಾಳಿತೋಟದ ಮಾಲಿ